ಬಾಳೆಮೂತಿ

ಕಬ್ಬಿನ ಲೋಡು ಇಳಿಸಿ
ಗುತ್ತಲು ರಸ್ತೆಯ ನನ್ನ ಶೆಡ್ಡಿಗೇ ನೇರ ಬಂದ
ಹನಕೆರೆಯ ಬೋರೇಶ.
ಟವೆಲಿನಲ್ಲಿ ಸುತ್ತಿದ ರಟ್ಟಿನ ಡಬ್ಬ,
ಬಿಚ್ಚಿದರೆ ಮುಖ ಕಾಣುವಂಥ ಸ್ಟೀಲ್ ಪೈಪು,
ತುದಿಗೊಂದು ಕೆಂಪು ಫಿಲ್ಟರು,
ಬಾಳೆಮೂತಿಯದೇ ಬಣ್ಣ, ಬಾಳೆಮೂತಿಯದೇ ಮಾಟ.
ಹದಿಮೂರು ಸಾವಿರ, ಬಿಲ್ಲೂ ಇದೆ ಅಂದ.
"ಇದ ಹಾಕುದ್ರೆ ಗಾಡಿ ಸಲೀಸಾಗಿ ಉಸ್ರಾಡ್ತದಂತೆ ಕಣಣ್ಣೋ,
ಇಪ್ಪತ್ತು ಕುದ್ರೆ ಜಾಸ್ತಿ."

ಸ್ಪ್ಯಾನರು ಒರೆಸುತ್ತಾ ಕೇಳಿದೆ,
ಆ ಕುದುರೆ ಏನು ತಿಂತವಪ್ಪ?
ಡೀಸೆಲ್ಲು, ಅಂದು ನಕ್ಕ.
ಡೀಸೆಲ್ಲು ಬಡಿಸೋ ಪಂಪು ಹಳೇದೇ ತಾನೆ,
ಕಂಪನಿಯವನು ಅಳತೆ ಕಟ್ಟಿ ಸೀಲ್ ಹಾಕಿದ್ದು?
ಹ್ಞೂಂ.
ಎಲೆ ಅಗಲ ಮಾಡಿದರೆ
ಬಡಿಸುವವನ ಸೌಟು ದೊಡ್ಡದಾಗುತ್ತೇನೋ?

ಮಾತಿಗೆ ಮಾತು ಯಾಕೆ, ನೋಡೇಬಿಡೋಣ ಅಂತ ಹೊರಟೆವು.
ಹದಿನಾರು ಟನ್ನು ಕಬ್ಬು, ಮೂರನೇ ಗೇರು,
ನಾಲೆ ಸೇತುವೆಯ ಏರು,
ಬುಡದ ಮೈಲಿಗಲ್ಲಿನಿಂದ ಮೇಲಿನ ಹುಣಸೆಮರದ ತನಕ.
ಮದುವೆಗೆ ಮಾವ ಕೊಟ್ಟ ವಾಚಿನಲ್ಲಿ
ನಲವತ್ತೊಂದು ಸೆಕೆಂಡು.

ಹಳೇ ಡಬ್ಬ ಬಿಚ್ಚಿದರೆ ಒಳಗೆ ಏನುಂಟು ಏನಿಲ್ಲ!
ರವದಿಯ ಚೂರು, ಕಣಜದ ಒಣ ಗೂಡು,
ಕಾರ್ಖಾನೆ ಚಿಮಣಿಯ ಬೂದಿ,
ಮಡಿಕೆ ಮಡಿಕೆಗೂ ಮೆತ್ತಿಕೊಂಡ ಎರಡು ಸೀಜನ್ನು.
ಒಂಬೈನೂರರ ಹೊಸ ಕಾಗದದ ಫಿಲ್ಟರು ಕೂರಿಸಿದೆ.
ಮೂವತ್ತಾರು.
ಆಮೇಲೆ ಬಾಳೆಮೂತಿ.
ಮೂವತ್ತಾರು.
ಸುಳ್ಳು ಯಾಕೆ, ಒಂದು ಸಲ ಮೂವತ್ತೈದೂವರೆ,
ಆಗ ಗಾಳಿ ಹಿಂದಿನಿಂದ ಬೀಸುತ್ತಿತ್ತು.

ಆದರೆ ಅದರ ಸದ್ದು,
ಅದನ್ನು ಹೇಗೆ ಹೇಳಲಿ.
ಆಕ್ಸಿಲೇಟರು ಒತ್ತಿದರೆ
ಕೊಳವೆಬಾವಿಯ ಪೈಪಿನಲ್ಲಿ ನೀರಿಗೆ ಮುಂಚೆ ಬರುವ ಹುಯಿಲು,
ಬಿಟ್ಟರೆ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಒಂದು ಚುಸ್.
ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು.
ಬೋರೇಶನ ಭುಜ ಎರಡಿಂಚು ಅಗಲವಾಯಿತು.
ಕುದುರೆಗಳು ಬಂದದ್ದು ಅಲ್ಲಿಗೇ ಇರಬೇಕು.

ಹನ್ನೊಂದನೇ ದಿನ ಪೈಪು ಬಿಚ್ಚಿ
ಒಳಗೆ ಬೆರಳಾಡಿಸು ಅಂದೆ.
ತುದಿಯಲ್ಲಿ ವಿಭೂತಿಯಷ್ಟು ನುಣ್ಣನೆ ಧೂಳು.
ಹಣೆಗಿಟ್ಟುಕೋ, ಹಂಗೇ ಟರ್ಬೋಗೆ ಎಳ್ಳುನೀರು ಬಿಡು.
ಕಂಪನಿಯವನು ಪೆದ್ದನಲ್ಲ ಕಣೋ,
ಮೂಗು ತಂದು ಕ್ಯಾಬಿನ್ನಿನ ನೆತ್ತಿಗಿಟ್ಟ,
ಅಲ್ಲಿ ತಂಪು, ಅಲ್ಲಿ ಧೂಳು ಕಮ್ಮಿ.
ನಿನ್ನದು ಎಂಜಿನ್ನಿನ ಮಗ್ಗುಲಿಗೇ ಕೂತು
ಅದು ಬಿಟ್ಟ ಕಾವನ್ನೇ ಕುಡಿಯುತ್ತೆ.

ಮಾತಾಡಲಿಲ್ಲ ಅವನು.
ಹಳೇ ಡಬ್ಬ ಹಾಕಿಸಿಕೊಂಡು ಹೋದ.
ಗಾಡಿ ಹೋದದ್ದೇ ತಿಳಿಯಲಿಲ್ಲ.
ಪೈಪು ನನ್ನ ಗೋಡೆಯ ಮೊಳೆಗೆ, ಕ್ಯಾಲೆಂಡರಿನ ಪಕ್ಕ.
ಜಯಶೀಲ ಅದರ ಮೇಲೆ ಕೈವಸ್ತ್ರ ಒಣಹಾಕತೊಡಗಿದಳು.

ಕಬ್ಬು ಅರೆಯುವುದು ನಿಲ್ಲುವ ದಿನ
ಖಾಲಿ ಗಾಡಿ ತಂದು ನಿಲ್ಲಿಸಿದ.
"ಇವತ್ತೊಂದಿನ ಹಾಕ್ಕೊಡಣ್ಣ,
ಒಂದಿನಕ್ಕೆ ಏಸು ಧೂಳು ಕುಡ್ದಾತು?"
ಬೈಯಲೆಂದೇ ಬಾಯಿ ತೆರೆದೆ.
ಕೈ ಆಗಲೇ ಕ್ಲಿಪ್ಪು ಬಿಗಿಯುತ್ತಿತ್ತು.
ದುಡ್ಡು ಕೊಡಲು ಬಂದ, ಹೋಗಲೋ ಅಂದೆ.

ಹೆದ್ದಾರಿಗೆ ಹತ್ತಿ, ಹನಕೆರೆಯ ದಿಕ್ಕಿಗೆ
ಆ ಹುಯಿಲು ಸಣ್ಣಗಾಗಿ, ನೂಲಾಗಿ,
ಮುಗಿಯಿತು ಅನ್ನುವಾಗ
ಇನ್ನೊಂದು ಚುಸ್.
ಕೈವಸ್ತ್ರ ಎಲ್ಲಿ ಹಾಕಲಿ ಎಂದು ಹುಡುಕುತ್ತಾ ಜಯಶೀಲ ಕೇಳಿದಳು,
ಎಷ್ಟು ಸೆಕೆಂಡು ಬಂತು?

ವಾಚು ನೋಡಿರಲಿಲ್ಲ ನಾನು.